ಹ್ಯಾಂಡ್‌ಗಾರ್ಡ್ ಒಳಗಿನ ಜಾಗ: ಏರ್‌ಸಾಫ್ಟ್ ಬಂದೂಕು ಮತ್ತು ಅದರ ಬ್ಯಾಟರಿ

ಹೊರನೋಟಕ್ಕೆ ನಿಜವಾದ ಬಂದೂಕನ್ನೇ ಹೋಲುತ್ತಿದ್ದರೂ ಸಿಡಿಮದ್ದಿನ ಬದಲು ಗಾಳಿಯ ಒತ್ತಡದಿಂದ, ಸೀಸದ ಗುಂಡಿನ ಬದಲು 6 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗೋಲಿಯನ್ನು ಹಾರಿಸುವ ಆಟದ ಸಾಧನವೇ ಏರ್‌ಸಾಫ್ಟ್ ಬಂದೂಕು. ಇದು ಹುಟ್ಟಿದ್ದು 1970ರ ದಶಕದ ಜಪಾನಿನಲ್ಲಿ. ಆಯುಧಗಳನ್ನು ನಿಯಂತ್ರಿಸುವ 1958ರ ಕಾನೂನು ಅಲ್ಲಿನ ಸಾಮಾನ್ಯ ನಾಗರಿಕರ ಕೈಗೆ ಬಂದೂಕು ಸಿಗುವ ದಾರಿಯನ್ನು ಬಹುಪಾಲು ಮುಚ್ಚಿತ್ತು. ಬಂದೂಕಿನ ರೂಪ, ರಚನೆ, ಇತಿಹಾಸಗಳಲ್ಲಿ ಆಸಕ್ತಿಯಿದ್ದವರ ಕುತೂಹಲ ಮಾತ್ರ ಉಳಿದುಕೊಂಡು, ಮಾದರಿ ಬಂದೂಕುಗಳ ದೊಡ್ಡದೊಂದು ಉದ್ಯಮಕ್ಕೆ ಎಡೆಮಾಡಿಕೊಟ್ಟಿತು. ಆರಂಭದ ಬಂದೂಕುಗಳಲ್ಲಿ ಕೆಲವು ಪ್ರತಿ ಹೊಡೆತಕ್ಕೂ ಕೈಯಿಂದ ಸ್ಪ್ರಿಂಗ್ ಎಳೆಯಬೇಕಾದವಾಗಿದ್ದರೆ, ಇನ್ನು ಕೆಲವು ಹೊರಗಿನ ಅನಿಲದ ಸಿಲಿಂಡರಿಗೆ ಕೊಳವೆಯಿಂದ ಜೋಡಿಸಲ್ಪಟ್ಟಿದ್ದವು. 1991ರಲ್ಲಿ ಟೋಕಿಯೋ ಮರುಯಿ ಕಂಪನಿಯು ಫ್ರಾನ್ಸಿನ ಫಾಮಾಸ್ ಬಂದೂಕಿನ ಮಾದರಿಯಲ್ಲಿ ವಿದ್ಯುತ್ ಮೋಟಾರಿನಿಂದ ನಡೆಯುವ ಬಂದೂಕನ್ನು ಮಾರುಕಟ್ಟೆಗೆ ತಂದ ಮೇಲೆ ಈ ಆಟದ ಸ್ವರೂಪವೇ ಬದಲಾಯಿತು. ಇಂದು ಜಗತ್ತಿನ ಮೈದಾನಗಳಲ್ಲಿ ಕಾಣುವ ಏರ್‌ಸಾಫ್ಟ್ ರೈಫಲ್‌ಗಳಲ್ಲಿ ಹೆಚ್ಚಿನವು ಆ ರಚನೆಯ ವಂಶಕ್ಕೇ ಸೇರಿದವು.

ಆ ರಚನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಂದೂಕಿನ ನಡುಭಾಗದಲ್ಲಿ ಗೇರ್‌ಬಾಕ್ಸ್ ಎಂಬ ಲೋಹದ ಪೆಟ್ಟಿಗೆಯಿದ್ದು, ಅದರೊಳಗೆ ಮೂರು ಹಲ್ಲುಚಕ್ರಗಳು, ಒಂದು ಸಿಲಿಂಡರು, ಅದರೊಳಗೆ ಚಲಿಸುವ ಪಿಸ್ಟನ್ ಮತ್ತು ಪಿಸ್ಟನ್ನಿನ ಹಿಂದೆ ಒಂದು ಸ್ಪ್ರಿಂಗ್ ಇರುತ್ತವೆ. ಬಂದೂಕಿನ ಕುದುರೆಯನ್ನು, ಅಂದರೆ ಟ್ರಿಗರನ್ನು ಒತ್ತಿದಾಗ ಹಿಡಿಕೆಯೊಳಗಿನ ಮೋಟಾರು ತಿರುಗಿ, ಚಕ್ರಗಳ ಮೂಲಕ ಪಿಸ್ಟನ್ನನ್ನು ಹಿಂದಕ್ಕೆಳೆದು ಸ್ಪ್ರಿಂಗನ್ನು ಅದುಮುತ್ತದೆ. ಕೊನೆಯ ಚಕ್ರದ ಪರಿಧಿಯ ಒಂದು ಭಾಗದಲ್ಲಿ ಹಲ್ಲುಗಳೇ ಇಲ್ಲದಿರುವುದರಿಂದ ಆ ಭಾಗ ಬಂದ ಕೂಡಲೇ ಪಿಸ್ಟನ್ ಹಿಡಿತ ತಪ್ಪಿಸಿಕೊಂಡು ಮುಂದಕ್ಕೆ ನುಗ್ಗಿ, ಸಿಲಿಂಡರಿನ ಗಾಳಿಯನ್ನು ಗೋಲಿಯ ಹಿಂದಕ್ಕೆ ತಳ್ಳುತ್ತದೆ. ಹೀಗೆ ಗೋಲಿಗೆ ವೇಗ ಕೊಡುವುದು ಸ್ಪ್ರಿಂಗ್. ಸ್ಪ್ರಿಂಗನ್ನು ಅದುಮುವುದಷ್ಟೇ ವಿದ್ಯುತ್ತಿನ ಕೆಲಸ. ಬ್ಯಾಟರಿ ಬದಲಿಸಿದರೆ ಗೋಲಿ ಇನ್ನೂ ಜೋರಾಗಿ ಹೋಗುತ್ತದೆ ಎಂಬ ತಪ್ಪು ತಿಳಿವಳಿಕೆ ಹೊಸಬರಲ್ಲಿ ಬಹಳ ವ್ಯಾಪಕವಾಗಿದೆ. ಬ್ಯಾಟರಿಯಿಂದ ಬದಲಾಗುವುದು ಒಂದು ಸೆಕೆಂಡಿಗೆ ಎಷ್ಟು ಸಲ ಈ ಕ್ರಿಯೆ ಪೂರ್ಣಗೊಳ್ಳುತ್ತದೆ ಎಂಬುದು ಮತ್ತು ಕುದುರೆ ಒತ್ತಿದ ಮೇಲೆ ಎಷ್ಟು ಬೇಗ ಅದು ಆರಂಭವಾಗುತ್ತದೆ ಎಂಬುದು ಮಾತ್ರ.

ಈ ಬಂದೂಕುಗಳನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಹ್ಯಾಂಡ್‌ಗಾರ್ಡಿಗೆ. ನಳಿಕೆಯನ್ನು ಸುತ್ತುವರಿದಿರುವ, ಮುಂದಿನ ಕೈ ಹಿಡಿದುಕೊಳ್ಳುವ ಕವಚಕ್ಕೆ ಈ ಹೆಸರು. ಬಂದೂಕಿನ ನೋಟವನ್ನು ಇದರಷ್ಟು ಬದಲಿಸುವ ಬೇರೆ ಭಾಗವಿಲ್ಲವಾದ್ದರಿಂದ ಅಂಗಡಿಯ ಗಾಜಿನ ಹಿಂದೆ ಕಂಡ ಉದ್ದನೆಯ, ತೆಳ್ಳನೆಯ ಅಲ್ಯೂಮಿನಿಯಂ ಕವಚವನ್ನು ಕೊಂಡು ತಂದು, ಜೋಡಿಸಿ, ಕೊನೆಗೆ ಬ್ಯಾಟರಿಯನ್ನು ಎಲ್ಲಿಡುವುದೆಂದು ಹುಡುಕುವುದು ಅನೇಕರ ರೂಢಿ. ಕ್ರಮ ಇದಕ್ಕೆ ತಿರುವುಮುರುವಾಗಿರಬೇಕು. ಬ್ಯಾಟರಿ ಮುಂಭಾಗದಲ್ಲಿರುವ ಬಂದೂಕಿನಲ್ಲಿ ಹ್ಯಾಂಡ್‌ಗಾರ್ಡ್ ಎಂಬುದು ಹಿಡಿತದ ಸಾಧನವಾಗಿರುವಷ್ಟೇ ಬ್ಯಾಟರಿಯ ಗೂಡೂ ಆಗಿರುವುದರಿಂದ, ಮೋಟಾರಿಗೆ ಎಂಥ ಬ್ಯಾಟರಿ ಬೇಕು, ಅದರ ಅಳತೆ ಎಷ್ಟು ಎಂಬುದನ್ನು ಮೊದಲು ತೀರ್ಮಾನಿಸಿ, ಆ ಅಳತೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕವಚವನ್ನು ಆರಿಸಬೇಕು.

ಏರ್‌ಸಾಫ್ಟ್‌ನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಮೆರಿಕದ ಎಂ4 ಕಾರ್ಬೈನಿನ ಮಾದರಿಯನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಮೂಲ ಎಂ4ರ ಹ್ಯಾಂಡ್‌ಗಾರ್ಡ್ ಮೇಲೊಂದು ಕೆಳಗೊಂದು ಎಂದು ಎರಡು ಹೋಳುಗಳಲ್ಲಿದ್ದು, ಮುಂದೆ ಒಂದು ಲೋಹದ ಟೊಪ್ಪಿಯೊಳಕ್ಕೂ ಹಿಂದೆ ಸ್ಪ್ರಿಂಗಿನ ಬಲದಿಂದ ಒತ್ತಿಕೊಂಡಿರುವ ಡೆಲ್ಟಾ ರಿಂಗ್ ಎಂಬ ಬಳೆಯೊಳಕ್ಕೂ ಸಿಕ್ಕಿಕೊಂಡಿರುತ್ತದೆ. ಬಳೆಯನ್ನು ಹಿಂದಕ್ಕೆಳೆದರೆ ಹೋಳುಗಳು ಕೈಗೆ ಬರುತ್ತವೆ. ನಿಜವಾದ ಬಂದೂಕಿನಲ್ಲಿ ಇದರ ಮುಖ್ಯ ಕೆಲಸ ಕಾದ ನಳಿಕೆಯಿಂದ ಕೈಯನ್ನು ಕಾಪಾಡುವುದಾದ್ದರಿಂದ ಒಳಗೆ ಶಾಖ ತಡೆಯುವ ಅಲ್ಯೂಮಿನಿಯಂ ತಗಡೂ ಇರುತ್ತದೆ. ಗಾಳಿಯಿಂದ ನಡೆಯುವ ಬಂದೂಕಿನ ನಳಿಕೆ ಕಾಯುವುದೇ ಇಲ್ಲ. ಆ ತಗಡಿನ ಜಾಗ ಖಾಲಿಯಾಗಿ ಉಳಿದದ್ದನ್ನು ಕಂಡು ತಯಾರಕರು ಅಲ್ಲಿ ಬ್ಯಾಟರಿಯನ್ನು ಕೂರಿಸಿದರು. ದುಂಡಗೆ ದಪ್ಪಗೆ ಇರುವ ಈ ಹಳೆಯ ಪ್ಲಾಸ್ಟಿಕ್ ಕವಚ ಇಂದಿನ ಕಣ್ಣಿಗೆ ಹಳತಾಗಿ ಕಾಣಬಹುದು. ಆದರೆ ಸಾಧನಗಳಿಲ್ಲದೆ ಕೆಲವೇ ಕ್ಷಣಗಳಲ್ಲಿ ಬಿಚ್ಚಿ ಬ್ಯಾಟರಿ ಬದಲಿಸಲು ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ಅನಂತರ ಬಂದಿಲ್ಲ ಎಂದು ಹೇಳಲು ಹಿಂಜರಿಯಬೇಕಾಗಿಲ್ಲ.

ಕವಚದ ಮೇಲೆ ದೀಪ, ಹಿಡಿಕೆ ಮುಂತಾದ ಉಪಕರಣಗಳನ್ನು ಕೂರಿಸುವ ಅಗತ್ಯದಿಂದ ಹಳಿಗಳ ಕಾಲ ಆರಂಭವಾಯಿತು. ಅಮೆರಿಕದ ನ್ಯೂ ಜೆರ್ಸಿಯಲ್ಲಿರುವ ಪಿಕಟಿನಿ ಶಸ್ತ್ರಾಗಾರದ ಹೆಸರು ಹೊತ್ತ, 1995ರಲ್ಲಿ ಅಲ್ಲಿನ ಸೇನಾ ಮಾನದಂಡವಾಗಿ ಅಂಗೀಕೃತವಾದ ಪಿಕಟಿನಿ ಹಳಿಯಲ್ಲಿ ಅಡ್ಡತೋಡುಗಳು ಸುಮಾರು 10 ಮಿಲಿಮೀಟರಿಗೆ ಒಂದರಂತೆ ಸಮಾನಾಂತರದಲ್ಲಿದ್ದು, ಯಾರು ಮಾಡಿದ ಉಪಕರಣವಾದರೂ ಯಾರು ಮಾಡಿದ ಹಳಿಯ ಮೇಲಾದರೂ ಕೂರುವಂತಾಯಿತು. ನಾಲ್ಕು ದಿಕ್ಕಿಗೂ ಇಂಥ ಹಳಿಯಿರುವ ಕವಚಗಳು ಬಹುಕಾಲ ಮೆರೆದವು. ಅವು ಭಾರ, ಅವುಗಳ ಅಂಚು ಕೈಗೆ ಒರಟು ಎಂಬ ಕಾರಣಕ್ಕೆ ಮುಂದೆ ಹಳಿಗಳ ಬದಲು ರಂಧ್ರಗಳನ್ನು ಕೊರೆದು, ಬೇಕಾದಲ್ಲಿ ಮಾತ್ರ ಹಳಿಯ ತುಂಡನ್ನು ತಿರುಪಿನಿಂದ ಬಿಗಿಯುವ ಪದ್ಧತಿಗಳು ಬಂದವು: 2012ರಲ್ಲಿ ಕೀಲಿಕೈ ತೂತಿನ ಆಕಾರದ ಕೀಮಾಡ್, 2014ರಲ್ಲಿ ಮ್ಯಾಗ್‌ಪುಲ್ ಕಂಪನಿಯ ನೀಳವಾದ ತೂತುಗಳ ಎಂ-ಲಾಕ್. ಅಮೆರಿಕದ ವಿಶೇಷ ಪಡೆಗಳ ಪರವಾಗಿ ನಡೆದು 2017ರಲ್ಲಿ ಫಲಿತಾಂಶ ಪ್ರಕಟವಾದ ಪರೀಕ್ಷೆಗಳಲ್ಲಿ ಎಂ-ಲಾಕ್ ಮೇಲುಗೈ ಪಡೆದ ಮೇಲೆ ಮಾರುಕಟ್ಟೆಯೂ ಆ ಕಡೆಗೇ ವಾಲಿತು. ಏರ್‌ಸಾಫ್ಟ್ ಕವಚಗಳು ಈ ಎಲ್ಲ ರೂಪಗಳಲ್ಲೂ ದೊರೆಯುತ್ತವೆ. ಹೊಸದಾಗಿ ಕೊಳ್ಳುವವರು ಉಪಕರಣಗಳು ಸುಲಭವಾಗಿ ಸಿಗುವ ಎಂ-ಲಾಕನ್ನೇ ಆರಿಸುವುದು ಮೇಲು.

ಹೊಸ ಕವಚಗಳನ್ನು ಹೊಗಳುವಾಗ ಫ್ರೀ ಫ್ಲೋಟ್ ಎಂಬ ಗುಣದ ಮಾತು ಬರುತ್ತದೆ. ಕವಚವು ನಳಿಕೆಯನ್ನು ಎಲ್ಲಿಯೂ ಮುಟ್ಟದೆ, ಬುಡದಲ್ಲಿ ಮಾತ್ರ ಬಂದೂಕಿನ ಮೈಗೆ ಬಿಗಿದುಕೊಂಡು ನಿಲ್ಲುವುದೇ ಈ ಗುಣ. ನಿಜವಾದ ರೈಫಲಿನಲ್ಲಿ ಕೈಯ ಒತ್ತಡ ನಳಿಕೆಯನ್ನು ಬಾಗಿಸದಂತೆ ಇದು ತಡೆಯುವುದರಿಂದ ಗುರಿಯ ನಿಖರತೆ ಹೆಚ್ಚುತ್ತದೆ. ಏರ್‌ಸಾಫ್ಟ್‌ನಲ್ಲಿ ಗೋಲಿ ಸಾಗುವುದು ಹೊರನಳಿಕೆಯೊಳಗೆ ಅಡಗಿರುವ, 6 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು ಒಳವ್ಯಾಸದ ಬೇರೊಂದು ನಳಿಕೆಯಲ್ಲಿ. ಅದರ ನಿಖರತೆಯನ್ನು ನಿರ್ಧರಿಸುವುದು ಗೋಲಿಯ ನುಣುಪು ಮತ್ತು ತೂಕ, ಒಳನಳಿಕೆಯ ಶುದ್ಧಿ, ಗೋಲಿಗೆ ಹಿಮ್ಮುಖವಾದ ತಿರುಗುವಿಕೆಯನ್ನು ಕೊಟ್ಟು ಅದನ್ನು ಗಾಳಿಯಲ್ಲಿ ಹೆಚ್ಚು ದೂರ ತೇಲಿಸುವ ಹಾಪ್-ಅಪ್ ಎಂಬ ರಬ್ಬರಿನ ವ್ಯವಸ್ಥೆ. ಆದ್ದರಿಂದ ಕವಚ ಬದಲಿಸಿದ ಮಾತ್ರಕ್ಕೆ ಗುರಿ ಸುಧಾರಿಸುತ್ತದೆ ಎಂದು ನಿರೀಕ್ಷಿಸಬಾರದು. ಕೈಗೆ ಒಪ್ಪುವ ಹಿಡಿತ, ಅಲುಗಾಡದ ಗಟ್ಟಿತನ, ಉಪಕರಣ ಕೂರಿಸಲು ಸ್ಥಳ ಇವು ಈ ಬದಲಾವಣೆಯ ನಿಜವಾದ ಲಾಭಗಳು. ಇವೇ ಸಾಕಷ್ಟು ದೊಡ್ಡವು.

ಈಗ ಜಾಗದ ಲೆಕ್ಕಕ್ಕೆ ಬರಬೇಕು. ತೆಳ್ಳನೆಯ ದುಂಡು ಕವಚವೊಂದರ ಒಳವ್ಯಾಸ 34 ಮಿಲಿಮೀಟರ್, ಅದರ ನಡುವೆ ಹಾದುಹೋಗುವ ಹೊರನಳಿಕೆಯ ವ್ಯಾಸ 18 ಮಿಲಿಮೀಟರ್ ಎಂದು ಭಾವಿಸಿದರೆ, ನಳಿಕೆಯ ಸುತ್ತ ಎಲ್ಲ ಕಡೆಗೂ 8 ಮಿಲಿಮೀಟರ್ ಸಂದು ಉಳಿಯುತ್ತದೆ. 7 ಮಿಲಿಮೀಟರ್ ದಪ್ಪ, 20 ಮಿಲಿಮೀಟರ್ ಅಗಲದ ಚಪ್ಪಟೆ ಬ್ಯಾಟರಿ ಇಲ್ಲಿ ಸಲೀಸಾಗಿ ಕೂರುತ್ತದೆಂದು ಮೇಲ್ನೋಟಕ್ಕೆ ತೋರುತ್ತದೆ. ಓದುಗರು ಕಾಗದದ ಮೇಲೆ ಒಂದರೊಳಗೊಂದು ಎರಡು ವೃತ್ತಗಳನ್ನು ಎಳೆದು, ಒಳವೃತ್ತದ ತಲೆಯ ಮೇಲೆ ಒಂದು ಆಯತವನ್ನು ಇಟ್ಟು ನೋಡಿದರೆ ತೊಡಕು ಎಲ್ಲಿದೆಯೆಂದು ತಿಳಿಯುತ್ತದೆ. ಬ್ಯಾಟರಿ ಚಪ್ಪಟೆ, ಕವಚ ಬಾಗಿದ್ದು. ಮಧ್ಯದಲ್ಲಿ 8 ಮಿಲಿಮೀಟರ್ ಎತ್ತರವಿದ್ದರೂ ಬ್ಯಾಟರಿಯ ಮೂಲೆಗಳ ಬಳಿ ಕವಚ ಕೆಳಗಿಳಿದುಬಿಟ್ಟಿರುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯದಂತೆ ಹೊರವೃತ್ತದ ತ್ರಿಜ್ಯ 17ರ ವರ್ಗದಿಂದ ಅರ್ಧ ಅಗಲ 10ರ ವರ್ಗವನ್ನು ಕಳೆದು ವರ್ಗಮೂಲ ತೆಗೆದರೆ ಸುಮಾರು 13.7 ಬರುತ್ತದೆ, ಅದರಲ್ಲಿ ನಳಿಕೆಯ ತ್ರಿಜ್ಯ 9ನ್ನು ಕಳೆದರೆ ಉಳಿಯುವುದು 4.7 ಮಿಲಿಮೀಟರ್ ಮಾತ್ರ. ಅಂದರೆ 20 ಮಿಲಿಮೀಟರ್ ಅಗಲದ ಬ್ಯಾಟರಿ ಆ ಕವಚದಲ್ಲಿ ಕೂರಬೇಕಾದರೆ ಅದರ ದಪ್ಪ 4.7 ಮಿಲಿಮೀಟರನ್ನು ಮೀರುವಂತಿಲ್ಲ. ಅಗಲವನ್ನು 15ಕ್ಕೆ ಇಳಿಸಿದರೆ ಅದೇ ಲೆಕ್ಕದಲ್ಲಿ ದಪ್ಪಕ್ಕೆ ಸುಮಾರು 6.25 ಮಿಲಿಮೀಟರ್ ಅವಕಾಶ ಸಿಗುತ್ತದೆ. ಇದರಿಂದ ವಯರಿನ ದಪ್ಪವನ್ನೂ, ಲಿಥಿಯಂ ಬ್ಯಾಟರಿ ಬಳಕೆಯಲ್ಲಿ ಕೊಂಚ ಉಬ್ಬಬಹುದೆಂಬ ಮುನ್ನೆಚ್ಚರಿಕೆಯಿಂದ ಬಿಡಬೇಕಾದ ಒಂದು ಮಿಲಿಮೀಟರನ್ನೂ ಕಳೆದರೆ, ತೆಳ್ಳನೆಯ ಕವಚದಲ್ಲಿ ಬ್ಯಾಟರಿಗೆ ಎಷ್ಟು ಕಡಿಮೆ ಎಡೆಯಿದೆಯೆಂಬುದು ಸ್ಪಷ್ಟವಾಗುತ್ತದೆ. ಹೊರಗಿನ ವ್ಯಾಸವನ್ನಷ್ಟೇ ಪ್ರಕಟಿಸುವ ತಯಾರಕರು ಹೆಚ್ಚು. ಕೊಳ್ಳುವ ಮೊದಲು ಒಳವ್ಯಾಸವನ್ನು ಕೇಳಿ ತಿಳಿಯಬೇಕು, ತನ್ನ ಬಂದೂಕಿನ ನಳಿಕೆಯನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದುಕೊಳ್ಳಬೇಕು.

ಈ ಇಕ್ಕಟ್ಟಿನಿಂದ ಹೊರಬರಲು ಮೂರು ದಾರಿಗಳಿವೆ. ದಪ್ಪನೆಯ ಕವಚವನ್ನೋ ಒಳಗೆ ಚೌಕದಂತೆ ಮೂಲೆಗಳಿರುವ ನಾಲ್ಕು ಹಳಿಗಳ ಕವಚವನ್ನೋ ಆರಿಸುವುದು ಮೊದಲನೆಯದು. ಹಳಿಯ ಮೇಲೆ ಕೂರುವ ಲೇಸರ್ ಪೆಟ್ಟಿಗೆಯ ರೂಪದ ಖಾಲಿ ಡಬ್ಬಿಯಲ್ಲಿ ಬ್ಯಾಟರಿಯನ್ನಿಟ್ಟು ವಯರನ್ನು ಕವಚದ ತೂತಿನ ಮೂಲಕ ಒಳಗೆ ಬಿಡುವುದು ಎರಡನೆಯದು. ಇದು ಸುಲಭ, ಅಗ್ಗ, ಆದರೆ ಮೇಲಿನ ಹಳಿಯ ಸ್ಥಳವನ್ನು ತಿನ್ನುತ್ತದೆ, ವಯರು ಹೊರಗೆ ಕಾಣುತ್ತದೆ. ಗೇರ್‌ಬಾಕ್ಸನ್ನು ಬಿಚ್ಚಿ ವಯರುಗಳನ್ನು ಹಿಂದಕ್ಕೆ ತಿರುಗಿಸಿ ಬ್ಯಾಟರಿಯನ್ನು ಬಂದೂಕಿನ ಹಿಂಬದಿಯ ಬಟ್ ಭಾಗಕ್ಕೆ ಸಾಗಿಸುವುದು ಮೂರನೆಯದು. ಮುಂಭಾಗ ಹಗುರಾಗಿ, ಎಷ್ಟು ತೆಳ್ಳನೆಯ ಕವಚವನ್ನಾದರೂ ಹಾಕಿಕೊಳ್ಳುವ ಸ್ವಾತಂತ್ರ್ಯ ಸಿಗುವುದರಿಂದ ಬೆಸುಗೆಯ ಕೆಲಸ ಬಲ್ಲವರಿಗೆ ಈ ಮೂರನೆಯ ದಾರಿಯೇ ಉತ್ತಮ. ಗೇರ್‌ಬಾಕ್ಸ್ ಬಿಚ್ಚಿ ಅಭ್ಯಾಸವಿಲ್ಲದವರು ಇದಕ್ಕೆ ಕೈಹಾಕದೆ ಮೊದಲನೆಯದರಲ್ಲೇ ತೃಪ್ತರಾಗುವುದು ಕ್ಷೇಮ.

ಜೋಡಣೆಯ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಬ್ಯಾರೆಲ್ ನಟ್ಟು. ಹೊರನಳಿಕೆಯನ್ನು ಬಂದೂಕಿನ ಮೈಗೆ ಬಿಗಿಯುವ ಈ ದೊಡ್ಡ ನಟ್ಟಿನ ಮೇಲೆಯೇ ಹೊಸ ಕವಚ ನಿಲ್ಲುತ್ತದೆ. ನಿಜವಾದ ಬಂದೂಕಿನ ನಟ್ಟಿನ ತಿರುಪಿನ ಎಳೆಯೂ ಏರ್‌ಸಾಫ್ಟ್ ತಯಾರಕರು ಬಳಸುವ ಎಳೆಯೂ ಒಂದೇ ಅಲ್ಲ. ಏರ್‌ಸಾಫ್ಟ್ ತಯಾರಕರೊಳಗೂ ಏಕರೂಪವಿಲ್ಲ. ಆದ್ದರಿಂದ ಕವಚದ ಜೊತೆ ಬರುವ ನಟ್ಟು ತನ್ನ ಬಂದೂಕಿಗೆ ಹೊಂದುವುದೆಂದು ಖಚಿತಪಡಿಸಿಕೊಳ್ಳದೆ, ಎಳೆ ಕೂರದಿದ್ದಾಗ ಬಲ ಹಾಕಿ ತಿರುಗಿಸಿದರೆ ಮೆದುವಾದ ಅಲ್ಯೂಮಿನಿಯಂ ಎಳೆಗಳು ಕಿತ್ತುಹೋಗಿ ಬಂದೂಕಿನ ಮೈಯ ಮೇಲ್ಭಾಗವೇ ನಿರುಪಯೋಗಿಯಾಗುತ್ತದೆ. ಮೊದಲೆರಡು ಸುತ್ತು ಬೆರಳಿನಿಂದಲೇ ತಿರುಗಬೇಕು. ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

ನಟ್ಟು ಕೂತ ಮೇಲೂ ಒಂದು ತೊಡಕು ಉಳಿದಿರುತ್ತದೆ. ಮುಂಭಾಗದ ಬ್ಯಾಟರಿಗೆ ಹೋಗುವ ಎರಡು ವಯರುಗಳು ಗೇರ್‌ಬಾಕ್ಸಿನಿಂದ ಹೊರಟು, ಬಂದೂಕಿನ ಮೈಯ ಮುಂಗೋಡೆಯಲ್ಲಿ ನಳಿಕೆಯ ಬುಡದ ಪಕ್ಕದ ಸಣ್ಣ ಗಂಡಿಯ ಮೂಲಕ ಹೊರಬರುತ್ತವೆ. ಹಳೆಯ ನಟ್ಟಿನಲ್ಲೂ ಡೆಲ್ಟಾ ರಿಂಗಿನಲ್ಲೂ ಈ ವಯರಿಗೆಂದೇ ದಾರಿ ಬಿಟ್ಟಿರುತ್ತಾರೆ. ಹಿಂಬದಿಯ ವಯರಿಂಗ್ ಇರುವ ಬಂದೂಕಿಗಾಗಿ ರಚಿಸಿದ ಕವಚದ ನಟ್ಟಿನಲ್ಲಿ ಆ ದಾರಿ ಇರುವುದಿಲ್ಲ. ಅಂಥ ನಟ್ಟನ್ನು ಬಿಗಿದಾಗ ಅದರ ಹಿಂಬದಿಯ ಅಂಚು ವಯರನ್ನು ಗೋಡೆಗೆ ಒತ್ತಿ, ಮೇಲಿನ ರಬ್ಬರ್ ಹೊದಿಕೆಯನ್ನು ನಿಧಾನವಾಗಿ ಕೊಯ್ಯುತ್ತದೆ. ಕೆಂಪು ಕಪ್ಪು ಎರಡೂ ವಯರುಗಳ ತಾಮ್ರ ಅದೇ ಲೋಹದ ನಟ್ಟನ್ನು ಮುಟ್ಟಿದ ಕ್ಷಣ ಬ್ಯಾಟರಿಯ ಎರಡು ಧ್ರುವಗಳು ನೇರವಾಗಿ ಕೂಡಿಕೊಂಡು, ಅಡೆತಡೆಯಿಲ್ಲದ ಪ್ರವಾಹ ಹರಿಯುತ್ತದೆ. ಅಂಥ ನಟ್ಟಿಗೆ ಅರದಿಂದ ತೋಡು ತೆಗೆದು, ತೋಡಿನ ಅಂಚನ್ನು ನಯಮಾಡಿ, ವಯರಿನ ಮೇಲೆ ಶಾಖಕ್ಕೆ ಸಂಕುಚಿಸುವ ಪ್ಲಾಸ್ಟಿಕ್ ಕೊಳವೆಯ ಇನ್ನೊಂದು ಪದರ ತೊಡಿಸುವುದು ಅತ್ಯಗತ್ಯ. ಕವಚದ ಒಳಬದಿಗೂ ಇದೇ ಎಚ್ಚರ ಸಲ್ಲುತ್ತದೆ: ಎಂ-ಲಾಕ್ ತೂತಿನಲ್ಲಿ ಹಳಿಯ ತುಂಡನ್ನು ಬಿಗಿಯುವ ತಿರುಪಿನ ತುದಿ ಒಳಗೆ ಒಂದೆರಡು ಮಿಲಿಮೀಟರ್ ಚಾಚಿಕೊಂಡಿದ್ದರೂ ಸಾಕು, ಬಂದೂಕು ಕೆಳಗೆ ಬಿದ್ದಾಗ ಬ್ಯಾಟರಿಯ ಮೆದುವಾದ ಹೊರಚೀಲವನ್ನು ಅದು ಚುಚ್ಚಬಹುದು. ಬ್ಯಾಟರಿ ಇರುವ ಭಾಗದಲ್ಲಿ ಉಪಕರಣಗಳನ್ನು ಬಿಗಿಯದಿರುವುದೇ ಇದಕ್ಕೆ ಸರಳ ಪರಿಹಾರ.

ಉದ್ದನೆಯ ಕವಚ ಹಾಕುವುದಾದರೆ ಗುರಿ ಹಿಡಿಯಲು ನಳಿಕೆಯ ಮೇಲಿರುವ ತ್ರಿಕೋನಾಕಾರದ ಮುಂಗುರಿಯನ್ನು ತೆಗೆಯಬೇಕಾಗುತ್ತದೆ. ಅದಕ್ಕೆ ಮೊದಲು ನಳಿಕೆಯ ತುದಿಗೆ ತಿರುಗಿಸಿ ಹಾಕಿರುವ ಟೊಪ್ಪಿಯನ್ನು ಬಿಚ್ಚಬೇಕು. ಟೋಕಿಯೋ ಮರುಯಿ ಪದ್ಧತಿಯಲ್ಲಿ ಅಲ್ಲಿನ 14 ಮಿಲಿಮೀಟರ್ ಎಳೆ ಎಡಸುತ್ತಿನದಾದ್ದರಿಂದ ಸಾಮಾನ್ಯ ತಿರುಪಿಗೆ ವಿರುದ್ಧವಾಗಿ, ಗಡಿಯಾರದ ಮುಳ್ಳು ಚಲಿಸುವ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲುತ್ತದೆ. ಹೊಸ ಕವಚದ ಮೇಲಿನ ಹಳಿಯು ಬಂದೂಕಿನ ಮೈಮೇಲಿನ ಹಳಿಯೊಂದಿಗೆ ಒಂದೇ ಗೆರೆಯಲ್ಲಿರುವುದನ್ನು ನೇರವಾದ ಅಡಿಪಟ್ಟಿ ಇಟ್ಟು ನೋಡಿದ ಮೇಲೆಯೇ ಕೊನೆಯ ತಿರುಪುಗಳನ್ನು ಬಿಗಿಯಬೇಕು. ಈ ಎಲ್ಲ ಕೆಲಸಕ್ಕೂ ಮೊದಲು ಗೋಲಿಯ ಮ್ಯಾಗಜೀನನ್ನೂ ಬ್ಯಾಟರಿಯನ್ನೂ ಕಳಚಿಟ್ಟಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಬ್ಯಾಟರಿಯ ಜಾತಿಗಳು. ಮೊದಲ ತಲೆಮಾರಿನ ಬಂದೂಕುಗಳು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳಿಂದ ನಡೆದವು. ಅವುಗಳ ಸ್ಥಾನಕ್ಕೆ ನಿಕಲ್-ಮೆಟಲ್ ಹೈಡ್ರೈಡ್ ಬಂದಿತು. ಇವೆರಡರಲ್ಲೂ ಒಂದು ಕೋಶದ ವೋಲ್ಟೇಜ್ 1.2 ಆದ್ದರಿಂದ ಏಳು ಕೋಶಗಳನ್ನು ಸಾಲಾಗಿ ಜೋಡಿಸಿದರೆ 8.4, ಎಂಟನ್ನು ಜೋಡಿಸಿದರೆ 9.6 ವೋಲ್ಟ್ ದೊರೆಯುತ್ತದೆ. ಫಾಮಾಸ್ ಮಾದರಿ ಬಂದ 1991ರಲ್ಲಿಯೇ ಜಪಾನಿನ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗಿಳಿಸಿತ್ತಾದರೂ, ಆ ಕುಟುಂಬದ ಬ್ಯಾಟರಿ ಏರ್‌ಸಾಫ್ಟ್ ಆಟಗಾರರ ಕೈಗೆ ವ್ಯಾಪಕವಾಗಿ ಬಂದದ್ದು ಬಹಳ ವರ್ಷಗಳ ಮೇಲೆ, ಲೋಹದ ಡಬ್ಬಿಯ ಬದಲು ತೆಳುವಾದ ಚೀಲದಲ್ಲಿ ತುಂಬಿದ ಲಿಥಿಯಂ ಪಾಲಿಮರ್ ರೂಪದಲ್ಲಿ. ಇದರ ಒಂದು ಕೋಶದ ಹೆಸರಿನ ವೋಲ್ಟೇಜ್ 3.7, ಪೂರ್ತಿ ಚಾರ್ಜ್ ಆದಾಗ 4.2. ಎರಡು ಕೋಶಗಳದ್ದು 7.4 ವೋಲ್ಟಿನ ಬ್ಯಾಟರಿ, ಮೂರರದ್ದು 11.1 ವೋಲ್ಟಿನದು. ಏಳು ದುಂಡು ಕೋಶಗಳ ಕೆಲಸವನ್ನು ಎರಡು ಚಪ್ಪಟೆ ಕೋಶಗಳು ಮಾಡುವುದರಿಂದಲೇ ಇಂದಿನ ತೆಳ್ಳನೆಯ ಕವಚಗಳು ಸಾಧ್ಯವಾದವು. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಬಗೆ ಶಾಖಕ್ಕೆ ಹೆಚ್ಚು ಸ್ಥಿರವಾದದ್ದು, ಹೆಚ್ಚು ಕಾಲ ಬಾಳುವಂಥದ್ದು. ಒಂದೇ ಗಾತ್ರದಲ್ಲಿ ಕಡಿಮೆ ಶಕ್ತಿ ಹಿಡಿಯುವುದರಿಂದ ಹ್ಯಾಂಡ್‌ಗಾರ್ಡಿನ ಇಕ್ಕಟ್ಟಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ.

7.4 ಮತ್ತು 11.1 ವೋಲ್ಟುಗಳ ನಡುವಿನ ಆಯ್ಕೆಯಲ್ಲಿ ಹೊಸಬರು ದೊಡ್ಡ ಸಂಖ್ಯೆಗೆ ಮರುಳಾಗುತ್ತಾರೆ. ಆದರೆ ಈ ಆಯ್ಕೆಗೆ ಮೊದಲು ನೋಡಬೇಕಾದದ್ದು ಸ್ಪ್ರಿಂಗಿನ ಗಟ್ಟಿತನವನ್ನು, ಅದು ಗೋಲಿಯ ಶಕ್ತಿಗೆ ಕಾನೂನು ಹಾಕುವ ಮಿತಿಯನ್ನು ಅವಲಂಬಿಸಿದೆ. ಜಪಾನಿನಲ್ಲಿ 2006ರಲ್ಲಿ ತಿದ್ದುಪಡಿಯಾದ ಕಾನೂನು 6 ಮಿಲಿಮೀಟರ್ ಗೋಲಿಯ ಶಕ್ತಿಗೆ ಸುಮಾರು 0.98 ಜೂಲ್ ಮಿತಿ ಹಾಕಿದೆ, 0.2 ಗ್ರಾಂ ತೂಕದ ಗೋಲಿಗೆ ಇದು ಸೆಕೆಂಡಿಗೆ ಸುಮಾರು 99 ಮೀಟರ್ ವೇಗ. ಬ್ರಿಟನ್ನಿನಲ್ಲಿ 2017ರ ಕಾಯಿದೆಯಂತೆ ಸತತವಾಗಿ ಹೊಡೆಯುವ ಬಂದೂಕಿಗೆ 1.3 ಜೂಲ್, ಒಂದೊಂದೇ ಹೊಡೆತದ ಬಂದೂಕಿಗೆ 2.5 ಜೂಲ್ ಮಿತಿಯಿದೆ. ಮಿತಿ ಕಡಿಮೆಯಿದ್ದಷ್ಟೂ ಸ್ಪ್ರಿಂಗ್ ಮೆದು. ಸ್ಪ್ರಿಂಗ್ ಮೆದುವಾದಷ್ಟೂ ಪಿಸ್ಟನ್ ಮುಂದಕ್ಕೆ ಮರಳುವುದು ನಿಧಾನ. ಸೆಕೆಂಡಿಗೆ 15 ಹೊಡೆತಗಳ ವೇಗದಲ್ಲಿ ಒಂದು ಹೊಡೆತಕ್ಕೆ ಸುಮಾರು 67 ಮಿಲಿಸೆಕೆಂಡ್ ಸಿಗುತ್ತದೆ. ಹೆಚ್ಚಿನ ವೋಲ್ಟೇಜಿನಿಂದ ವೇಗವನ್ನು 25ಕ್ಕೆ ಏರಿಸಿದರೆ 40 ಮಾತ್ರ. ಪಿಸ್ಟನ್ ಪೂರ್ತಿ ಮುಂದಕ್ಕೆ ಬರುವ ಮೊದಲೇ ಚಕ್ರದ ಮೊದಲ ಹಲ್ಲು ಅದನ್ನು ಮತ್ತೆ ಹಿಡಿಯತೊಡಗಿದರೆ ಪಿಸ್ಟನ್ನಿನ ಹಲ್ಲುಗಳು ಮುರಿಯುತ್ತವೆ. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿರುವ, ಪ್ಲಾಸ್ಟಿಕ್ ಹಲ್ಲಿನ ಪಿಸ್ಟನ್ ಇರುವ ಬಂದೂಕಿಗೆ 11.1 ವೋಲ್ಟ್ ಹಾಕುವುದು ಅದರ ಆಯುಸ್ಸನ್ನು ಬೇಕೆಂದೇ ಕಡಿಮೆ ಮಾಡಿದಂತೆ. ಅಂಥ ಬಂದೂಕಿಗೆ 7.4 ವೋಲ್ಟೇ ಸರಿ. ಒಳಭಾಗಗಳನ್ನು ಗಟ್ಟಿಗೊಳಿಸಿದವರು ಮಾತ್ರ ಮೇಲಿನದನ್ನು ಯೋಚಿಸಬಹುದು.

ವೋಲ್ಟೇಜಿನ ಜೊತೆಗೆ ಬ್ಯಾಟರಿಯ ಮೇಲೆ ಇನ್ನೆರಡು ಸಂಖ್ಯೆಗಳಿರುತ್ತವೆ. ಮಿಲಿ ಆಂಪಿಯರ್-ಗಂಟೆಗಳಲ್ಲಿ ಹೇಳುವ ಧಾರಣಶಕ್ತಿ ಒಂದಾದರೆ, ಎಷ್ಟು ಪ್ರವಾಹವನ್ನು ಒಮ್ಮೆಗೆ ಕೊಡಬಲ್ಲದು ಎಂದು ತಿಳಿಸುವ ಸಿ ಅಂಕ ಇನ್ನೊಂದು. ಇವೆರಡರ ಗುಣಲಬ್ಧವೇ ಬ್ಯಾಟರಿಯ ಗರಿಷ್ಠ ಪ್ರವಾಹ: 1,100 ಮಿಲಿ ಆಂಪಿಯರ್-ಗಂಟೆ, ಅಂದರೆ 1.1 ಆಂಪಿಯರ್-ಗಂಟೆಯ ಬ್ಯಾಟರಿಗೆ 20 ಸಿ ಎಂದಿದ್ದರೆ 22 ಆಂಪಿಯರ್. ಮೋಟಾರು ನಿಶ್ಚಲ ಸ್ಥಿತಿಯಿಂದ ತಿರುಗತೊಡಗುವ ಕ್ಷಣದಲ್ಲಿ ಅದು ಎಳೆಯುವ ಪ್ರವಾಹ ತಿರುಗುತ್ತಿರುವಾಗಿನದಕ್ಕಿಂತ ಬಹಳ ಹೆಚ್ಚಾಗಿರುವುದರಿಂದಲೂ, ಲೇಬಲ್ಲಿನ ಸಿ ಅಂಕವನ್ನು ಉಬ್ಬಿಸಿ ಬರೆಯುವ ಚಾಳಿ ಮಾರುಕಟ್ಟೆಯಲ್ಲಿರುವುದರಿಂದಲೂ ಲೆಕ್ಕಕ್ಕೆ ಬಂದದ್ದಕ್ಕಿಂತ ಸಾಕಷ್ಟು ಮೇಲಿನ ಅಂಕವನ್ನೇ ಆರಿಸಬೇಕು. ತೆಳ್ಳನೆಯ ಕವಚಕ್ಕೆಂದು ಕೋಶ ಚಿಕ್ಕದಾದಾಗ ಧಾರಣಶಕ್ತಿಯೂ ಅದರೊಂದಿಗೆ ಪ್ರವಾಹವೂ ತಗ್ಗುತ್ತವೆ ಎಂಬಲ್ಲಿ ಕವಚದ ಆಯ್ಕೆ ಮೋಟಾರಿನವರೆಗೂ ಮುಟ್ಟುತ್ತದೆ.

ಬ್ಯಾಟರಿಯಿಂದ ಮೋಟಾರಿಗೆ ಹೋಗುವ ದಾರಿಯೂ ಅಷ್ಟೇ ಮುಖ್ಯ. 20 ಆಂಪಿಯರ್ ಹರಿಯುವಾಗ ದಾರಿಯಲ್ಲಿ 0.02 ಓಮ್ ರೋಧವಿದ್ದರೂ 0.4 ವೋಲ್ಟ್ ಕಳೆದುಹೋಗಿ, 8 ವಾಟ್ ಶಾಖವಾಗಿ ಮಾರ್ಪಡುತ್ತದೆ. ಮಿನಿ ತಮಿಯಾ ಎಂಬ ಹಳೆಯ ಬಿಳಿ ಕನೆಕ್ಟರಿನೊಳಗಿನ ತೆಳುವಾದ ತಗಡಿನ ಸಂಪರ್ಕಗಳು ಸಡಿಲವಾದಂತೆ ಇಂಥ ರೋಧ ಬೆಳೆಯುತ್ತದೆ. ಡೀನ್ಸ್ ಎಂಬ ಟಿ ಆಕಾರದ ಕನೆಕ್ಟರಾಗಲಿ, ದುಂಡು ಸೂಜಿಗಳ ಎಕ್ಸ್‌ಟಿ30 ಆಗಲಿ ಗಾತ್ರದಲ್ಲಿ ಚಿಕ್ಕದು, ಸಂಪರ್ಕದಲ್ಲಿ ಗಟ್ಟಿ. ಕವಚದೊಳಗೆ ಒಂದೊಂದು ಮಿಲಿಮೀಟರಿಗೂ ಬೆಲೆಯಿರುವಾಗ ಕನೆಕ್ಟರ್ ಬದಲಿಸುವುದರಿಂದ ಜಾಗವೂ ಉಳಿಯುತ್ತದೆ. ಬೆಸೆಯುವಾಗ ಎರಡು ವಯರುಗಳನ್ನೂ ಒಟ್ಟಿಗೆ ಕತ್ತರಿಸಬಾರದು. ಕತ್ತರಿಯ ಲೋಹವೇ ಧ್ರುವಗಳನ್ನು ಕೂಡಿಸಿಬಿಡುತ್ತದೆ. ಲಿಥಿಯಂ ಬ್ಯಾಟರಿ ಬಳಸುವವರು ಮಾಸ್‌ಫೆಟ್ ಎಂಬ ಅರೆವಾಹಕ ಸ್ವಿಚ್ಚನ್ನು ಅಳವಡಿಸಿಕೊಳ್ಳುವುದು ಒಳ್ಳೆಯದು. ಮಾಸ್‌ಫೆಟ್ ಇಲ್ಲದ ಬಂದೂಕಿನಲ್ಲಿ ಮೋಟಾರಿನ ಪೂರ್ತಿ ಪ್ರವಾಹ ಕುದುರೆಯ ಹಿಂದಿನ ಚಿಕ್ಕ ತಾಮ್ರದ ಸಂಪರ್ಕಗಳ ಮೂಲಕವೇ ಹರಿದು, ಪ್ರತಿ ಸಲವೂ ಕಿಡಿ ಹಾರಿ ಅವು ಕಪ್ಪಾಗಿ ಸವೆಯುತ್ತವೆ. ಮಾಸ್‌ಫೆಟ್ ಇದ್ದರೆ ಕುದುರೆಯ ಮೂಲಕ ಸಂಕೇತದಷ್ಟೇ ಪ್ರವಾಹ ಹರಿದು, ಭಾರವನ್ನೆಲ್ಲ ಆ ಸ್ವಿಚ್ ಹೊರುತ್ತದೆ. ಜಾಗ ಉಳಿಸುವ ನೆಪದಲ್ಲಿ ಫ್ಯೂಸನ್ನು ಕಿತ್ತುಹಾಕುವ ಪದ್ಧತಿ ಮಾತ್ರ ಖಂಡನೀಯ.

ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ನೋಡಿಕೊಳ್ಳುವ ನಿಯಮಗಳು ಏರ್‌ಸಾಫ್ಟ್‌ಗೆ ಮಾತ್ರ ಸೀಮಿತವಲ್ಲ. ಬೆಂಗಳೂರಿನಲ್ಲಿ ಡ್ರೋನ್ ಮತ್ತು ಮಾದರಿ ವಿಮಾನ ಹಾರಿಸುವ ಹವ್ಯಾಸಿಗಳಿಗೂ ಇವು ಪರಿಚಿತ. ಪ್ರತಿ ಕೋಶದ ವೋಲ್ಟೇಜನ್ನು ಬೇರೆಬೇರೆಯಾಗಿ ಸರಿದೂಗಿಸುವ ಬ್ಯಾಲೆನ್ಸ್ ಚಾರ್ಜರಿನಿಂದಲೇ, ಧಾರಣಶಕ್ತಿಯನ್ನು ಮೀರದ ಪ್ರವಾಹದಲ್ಲಿ, ಅಂದರೆ 1,100ರ ಬ್ಯಾಟರಿಗೆ 1.1 ಆಂಪಿಯರಿನಲ್ಲಿ, ಎದುರಿಗೇ ಇದ್ದುಕೊಂಡು ಚಾರ್ಜ್ ಮಾಡಬೇಕು. ಕೋಶವೊಂದರ ವೋಲ್ಟೇಜ್ 3ಕ್ಕಿಂತ ಕೆಳಗಿಳಿದರೆ ಅದು ಶಾಶ್ವತವಾಗಿ ಹಾಳಾಗುತ್ತದೆ. ಬಂದೂಕಿನ ವೇಗ ಕುಗ್ಗಿದಂತೆ ಕೇಳಿಸಿದ ಕೂಡಲೇ ಆಟ ನಿಲ್ಲಿಸಿ ಬ್ಯಾಟರಿ ಬದಲಿಸಬೇಕು. ಕೆಲವು ವಾರ ಬಳಸದಿದ್ದರೆ ಕೋಶಕ್ಕೆ ಸುಮಾರು 3.8 ವೋಲ್ಟ್ ಇರುವಂತೆ ಮಾಡಿ, ಬಂದೂಕಿನಿಂದ ಹೊರತೆಗೆದು, ಬೆಂಕಿ ತಡೆಯುವ ಚೀಲದಲ್ಲಿಡಬೇಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚಿ ಗಾಳಿ ಬಿಡುವ ಯೋಚನೆ ಪ್ರಾಣಾಂತಿಕ. ಅದನ್ನು ಮನೆಯ ಕಸಕ್ಕೂ ಹಾಕದೆ ಬ್ಯಾಟರಿ ಸಂಗ್ರಹಿಸುವ ಕೇಂದ್ರಕ್ಕೇ ಒಪ್ಪಿಸಬೇಕು. ವಿದೇಶಗಳಲ್ಲಿ ನೆಲೆಸಿ ಈ ಆಟದಲ್ಲಿ ತೊಡಗಿರುವ ಕನ್ನಡಿಗರು ವಿಮಾನದಲ್ಲಿ ಪ್ರಯಾಣಿಸುವಾಗ, ಬಿಡಿ ಲಿಥಿಯಂ ಬ್ಯಾಟರಿಗಳನ್ನು ಒಪ್ಪಿಸುವ ಸಾಮಾನಿನಲ್ಲಿ ಇಡದೆ, ತುದಿಗಳಿಗೆ ಟೇಪು ಸುತ್ತಿ ಕೈಚೀಲದಲ್ಲೇ ಒಯ್ಯಬೇಕೆಂಬ ನಿಯಮವನ್ನು ನೆನಪಿಡಬೇಕು. ಬಂದೂಕಿನ ಮಾದರಿಯನ್ನು ಒಯ್ಯುವ ಬಗ್ಗೆ ಆಯಾ ದೇಶದ ಕಾನೂನು ಬೇರೆಬೇರೆ.

ಈ ಎಲ್ಲ ಲೆಕ್ಕಗಳನ್ನು ಜಪಾನಿನ ಮಿತಿಗೆ ಒಳಪಟ್ಟ, ಮುಂಭಾಗದಲ್ಲಿ ವಯರಿರುವ ಸಾಧಾರಣ ಎಂ4 ಮಾದರಿಯೊಂದಕ್ಕೆ ಅನ್ವಯಿಸಿದರೆ ಉತ್ತರ ತಾನಾಗಿಯೇ ರೂಪುಗೊಳ್ಳುತ್ತದೆ. 7.4 ವೋಲ್ಟ್, ಸಾವಿರದ ಆಸುಪಾಸಿನ ಧಾರಣಶಕ್ತಿ, ಎರಡು ಕಿರಿದಾದ ಕೋಶಗಳನ್ನು ವಯರಿನಿಂದ ಜೋಡಿಸಿ ನಳಿಕೆಯ ಎರಡು ಪಕ್ಕಕ್ಕೆ ಒಂದೊಂದಾಗಿ ಕೂರಿಸಬಹುದಾದ ನಂಚಾಕು ರೂಪದ ಬ್ಯಾಟರಿ ಮೊದಲು. ಅದರ ಅಗಲ ದಪ್ಪಗಳನ್ನು ವೃತ್ತದ ಲೆಕ್ಕಕ್ಕೆ ಹಾಕಿ ಒಳವ್ಯಾಸ ಸಾಕಷ್ಟಿರುವ ಎಂ-ಲಾಕ್ ಕವಚ ಅನಂತರ. ಆ ಕವಚದ ನಟ್ಟಿನಲ್ಲಿ ವಯರಿಗೆ ದಾರಿಯಿದೆಯೇ ಎಂಬ ಪರೀಕ್ಷೆ ಅದರ ಬೆನ್ನಿಗೇ. ಆಟಗಾರರು ಒಂದು ಮಿಲಿ ಆಂಪಿಯರ್-ಗಂಟೆಗೆ ಸ್ಥೂಲವಾಗಿ ಒಂದು ಹೊಡೆತ ಎಂದು ಲೆಕ್ಕ ಹಿಡಿಯುವುದುಂಟು. ಹಾಗಾದರೆ ಇಂಥ ಎರಡು ಬ್ಯಾಟರಿಗಳಿದ್ದರೆ ಸಾಮಾನ್ಯ ಆಟಗಾರನ ಒಂದು ದಿನ ಕಳೆಯುತ್ತದೆ. ಜೋಡಣೆ ಮುಗಿದ ಮೇಲೆ ಕಣ್ಣಿಗೆ ರಕ್ಷಾಕನ್ನಡಕ ಧರಿಸಿ, ಗೋಲಿಯಿಲ್ಲದೆ ಕೆಲವು ಬಿಡಿ ಹೊಡೆತಗಳನ್ನೂ ಒಂದೆರಡು ಚಿಕ್ಕ ಸರಣಿಗಳನ್ನೂ ಹೊಡೆದು, ಕೂಡಲೇ ಕವಚವನ್ನು ಬಿಚ್ಚಿ ಕನೆಕ್ಟರನ್ನೂ ನಟ್ಟಿನ ಬಳಿಯ ವಯರನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಕನೆಕ್ಟರ್ ಬಿಸಿಯಾಗಿದ್ದರೆ ಅದನ್ನು ಬದಲಿಸಬೇಕು. ವಯರಿನ ಮೇಲೆ ಒತ್ತಿದ ಗುರುತು ಕಂಡರೆ ನಟ್ಟಿನ ತೋಡನ್ನು ಇನ್ನಷ್ಟು ಆಳಗೊಳಿಸಿ, ಆ ವಯರನ್ನು ಹೊಸದಾಗಿ ಹೊದಿಸಿದ ಮೇಲೆಯೇ ಬಂದೂಕನ್ನು ಮೈದಾನಕ್ಕೆ ಒಯ್ಯಬೇಕು.